ಕೌಂಟರ್ ಮತ್ತೆ ಸರಿಯಾಗಿ ಎಣಿಸುತ್ತಿದೆ, ಎಲ್ಲರಿಗೂ ಥ್ಯಾಂಕ್ಸ್

ನಮ್ಮ ಹ್ಯಾಮ್ (ಹವ್ಯಾಸಿ) ರೇಡಿಯೋ ಗೆಳೆಯರ ಹಳೇ ಫ್ರೀಕ್ವೆನ್ಸಿ ಕೌಂಟರ್, ಅಂದ್ರೆ ಸಿಗ್ನಲ್ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತೆ ಅಂತ ಎಣಿಸುವ ಮಷೀನು, ಕೊನೆಗೂ ರಿಪೇರಿ ಆಯಿತು. 1970ರ ದಶಕದ್ದು, ನಿಕ್ಸಿ ಟ್ಯೂಬ್ ಅನ್ನೋ ಗಾಜಿನ ಬುರುಡೆಗಳಲ್ಲಿ ಕಿತ್ತಳೆ ಬಣ್ಣದ ಅಂಕಿ ತೋರಿಸುವಂಥದ್ದು. ಕೈ ಹಾಕಿದವರು ಜಾಸ್ತಿ ಜನ, ಅದಕ್ಕೇ ಈ ನಾಲ್ಕು ಮಾತು.

ಮೊದಲು ನಮ್ಮ ಮೇಷ್ಟ್ರಿಗೆ. ಎಡದಿಂದ ಮೂರನೇ ಅಂಕಿ ಮಾತ್ರ ಹುಚ್ಚಾಟ ಆಡುತ್ತಿತ್ತು. 0 ಬರಬೇಕಾದಲ್ಲಿ 8, 1 ಬರಬೇಕಾದಲ್ಲಿ 9. 2ರಿಂದ 7ರವರೆಗೆ ಟ್ಯೂಬ್ ಖಾಲಿ. 8, 9 ಮಾತ್ರ ಸರಿ. ಟ್ಯೂಬಿನ ಅಂಕಿ ಹೊತ್ತಿಸುವುದು 74141 ಅನ್ನೋ ಚಿಪ್; ಅದು 1, 2, 4, 8 ಬೆಲೆಯ ಎ, ಬಿ, ಸಿ, ಡಿ ಎಂಬ ನಾಲ್ಕು ಇನ್‌ಪುಟ್ ಕೂಡಿಸಿ ಯಾವ ಅಂಕಿ ಅಂತ ತಿಳಿಯುತ್ತದೆ. ಫೋನಿನಲ್ಲಿ ಇಷ್ಟು ಕೇಳಿದ್ದೇ ತಡ, "ಡಿ ಇನ್‌ಪುಟ್ ಚಿಪ್ಪಿನೊಳಗೇ ಕಡಿದುಹೋಗಿದೆ ಕಣಯ್ಯಾ. ಈ ಟಿಟಿಎಲ್ ಜಾತಿಯ ಚಿಪ್ಪುಗಳಲ್ಲಿ ಏನೂ ಸೇರಿಸದೆ ಬಿಟ್ಟ ಇನ್‌ಪುಟ್ ಅಂದ್ರೆ 1 ಅಂತಲೇ ಲೆಕ್ಕ. ಎಲ್ಲಕ್ಕೂ 8 ಸೇರಿಕೊಳ್ತಿದೆ" ಅಂದರು. ಹೌದಲ್ವಾ! 2 ಹೋಗಿ 10 ಆದರೆ 74141 ಚಿಪ್ ಯಾವ ಅಂಕಿಯನ್ನೂ ಹೊತ್ತಿಸುವುದಿಲ್ಲ. ಡಿ ಇನ್‌ಪುಟ್ ಇರುವ 4ನೇ ಪಿನ್ನಿಗೆ ಸ್ಕೋಪ್ (ಸಿಗ್ನಲನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಇಟ್ಟು ನೋಡಿದೆ, ಪಲ್ಸ್ ಚೆನ್ನಾಗಿಯೇ ಬರುತ್ತಿತ್ತು. ಹೋಗಿದ್ದು ಚಿಪ್ಪೇ.

ಆ ಚಿಪ್ ಈಗೆಲ್ಲಿ ಸಿಗಬೇಕು? ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವರೊಬ್ಬರು ಡಬ್ಬಿಗಳನ್ನೆಲ್ಲ ಕೆದಕಿ, ಅದೇ ಕೆಲಸದ ಇನ್ನೊಂದು ಚಿಪ್, 7441, ತೆಗೆದರು. ತೆಗೆದು, ಅವರೇ ಬೇಡ ಅಂದರು. "ಇದು 9 ದಾಟಿದ ಕೋಡಿಗೆ ಖಾಲಿ ಬಿಡಲ್ಲ ಸಾರ್. ನಿಮ್ಮ ಮಷೀನು ಎಡಗಡೆಯ ಬೇಡದ ಸೊನ್ನೆಗಳನ್ನ ಅಂಥ ಕೋಡ್ ಕೊಟ್ಟು ಮರೆಮಾಡುತ್ತೆ ಅಂದ್ರೆ ಇದು ಏನೇನೋ ಹೊತ್ತಿಸುತ್ತೆ." ಮಾರಿಬಿಡಬಹುದಿತ್ತು, ಮಾರಲಿಲ್ಲ. ಥ್ಯಾಂಕ್ಸ್ ಸಾರ್.

ಗೆಳೆಯನ ಅಣ್ಣ ಜರ್ಮನಿಯಿಂದ ಬರುವಾಗ ಕೆ155ಐಡಿ1 ಒಂದು ಪೊಟ್ಟಣ ತಂದುಕೊಟ್ಟರು. ಸೋವಿಯತ್ ಕಾಲದ ಮಾಲು, 74141ರ ತದ್ರೂಪ. 5ನೇ ಪಿನ್ನಿಗೆ 5 ವೋಲ್ಟ್, 12ಕ್ಕೆ ಗ್ರೌಂಡ್, ಎಲ್ಲ ಅದೇ. ಒಂದೇ ತರಲೆ: ಪಿನ್ನುಗಳ ನಡುವಿನ ಅಂತರ 2.54 ಮಿ.ಮೀ. ಅಲ್ಲ, 2.5. ಸಾಕೆಟ್ಟಿಗೆ ಕೂರಿಸುವಾಗ ಕೊನೆಯ ಪಿನ್ನನ್ನು ಸ್ವಲ್ಪ ಒಲಿಸಿಕೊಳ್ಳಬೇಕು.

ಹಳೆಯದನ್ನು ಬಿಚ್ಚಿದ್ದು ನನ್ನ ತಂಗಿ. ಚಿಪ್ಪಿನ ಮೈಗೆ ಹತ್ತಿಕೊಂಡಂತೆ ಹದಿನಾರೂ ಪಿನ್ನು ಕತ್ತರಿಸಿ, ಆಮೇಲೆ ಒಂದೊಂದನ್ನೇ ಬಿಸಿ ಮಾಡಿ ಎಳೆದಳು. ಬೋರ್ಡಿನ ಒಂದು ಟ್ರ್ಯಾಕೂ ಏಳಲಿಲ್ಲ. ಅವಳ ಕೈ ನಡುಗುವುದೇ ಇಲ್ಲ ಮಾರಾಯ್ರೆ!

ಜಿಪಿಎಸ್‌ನಿಂದ ನಡೆಯುವ 10 ಮೆಗಾಹರ್ಟ್ಸ್ ರೆಫರೆನ್ಸನ್ನು, ಅಂದ್ರೆ ಹೋಲಿಸಿ ನೋಡೋಕೆ ನಿಖರ ಸಿಗ್ನಲ್ ಕೊಡುವ ಪೆಟ್ಟಿಗೆಯನ್ನು, ಗೆಳೆಯನೊಬ್ಬ ಸುಮ್ನೆ ಎರವಲು ಕೊಟ್ಟ. ಅದಕ್ಕೆ ಹೋಲಿಸಿ, ಕೌಂಟರಿಗೆ ತಾಳ ಹಾಕುವ ಓವನ್ ಕ್ರಿಸ್ಟಲನ್ನೂ (ಒಂದೇ ಹದದ ಬಿಸಿಯಲ್ಲಿ ಇಟ್ಟ ಕ್ರಿಸ್ಟಲ್) ಸರಿಮಾಡಿಕೊಂಡೆವು. ಈಗ ಕೊನೆಯ ಅಂಕಿ ಮಾತ್ರ 0, 1 ಅಂತ ಓಲಾಡುತ್ತದೆ. ಅದು ರೋಗವಲ್ಲ, ಎಲ್ಲ ಕೌಂಟರಿನ ಸ್ವಭಾವ.

ಪೊಟ್ಟಣದಲ್ಲಿ ಇನ್ನೂ ಕೆಲವು ಚಿಪ್ ಉಳಿದಿವೆ. ನಿಮ್ಮ ಹತ್ತಿರ ಇಂಥ ಮಷೀನು ಕೆಟ್ಟು ಕೂತಿದ್ದರೆ ಹೇಳಿ, ಕಳಿಸುತ್ತೇನೆ. ದುಡ್ಡು ಬೇಡ.