ಪೆಡರ್ಸನ್ ಸೈಕಲ್ ರಸ್ತೆಗಿಳಿಯಿತು, ಕೈ ಹಚ್ಚಿದ ಎಲ್ಲರಿಗೂ ಶರಣು

ಕಳೆದ ಭಾನುವಾರ, ಹಳೆಯ ಅಸಲಿಯ ಅಳತೆ ನೋಡಿ ನಾವೇ ಕಟ್ಟಿದ ಪೆಡರ್ಸನ್ ಸೈಕಲ್ ಬೆಳಗಾವಿಯಿಂದ ಕಿತ್ತೂರಿಗೆ ಹೋಗಿ, ಅದೇ ದಿನ ವಾಪಸ್ ಬಂತು. ಹೆಚ್ಚುಕಡಿಮೆ ನೂರು ಕಿಲೋಮೀಟರ್. ಸೋಮವಾರ ಬಣ್ಣ ಬಿರಿದಿದೆಯೇ, ಬೆಸುಗೆ ಬಿಟ್ಟಿದೆಯೇ ಎಂದು ಒಂದೊಂದೇ ಜೋಡಣೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲವೂ ಗಟ್ಟಿಯಾಗಿದೆ. ಫ್ರೇಮು ರಸ್ತೆಯಲ್ಲಿ ತಾಳಿದ ಮೇಲೆಯೇ ಇದನ್ನು ಬರೆಯಬೇಕೆಂದು ಇಷ್ಟು ದಿನ ತಡೆದಿದ್ದೆ. ಇನ್ನು ತಡೆಯಲಾರೆ.

ಗೊತ್ತಿಲ್ಲದವರಿಗಾಗಿ ಈ ಸೈಕಲ್ಲಿನ ಬಗ್ಗೆ ಸ್ವಲ್ಪ. ಮಿಕಾಯಲ್ ಪೆಡರ್ಸನ್ ಡೆನ್ಮಾರ್ಕಿನವನು. ಹಾಲಿನಿಂದ ಕೆನೆ ತೆಗೆಯುವ ಯಂತ್ರ ರೂಪಿಸಿದ್ದ. ಅದನ್ನು ಮಾರುತ್ತಿದ್ದ ಲಿಸ್ಟರ್ ಕಂಪನಿಯ ನಂಟಿನಿಂದ ಇಂಗ್ಲೆಂಡಿನ ಡರ್ಸ್ಲಿ ಎಂಬ ಸಣ್ಣ ಊರಿಗೆ ಬಂದು ನೆಲೆಸಿದ. ಆ ಕಾಲದ ತೊಗಲಿನ ಸೀಟು ಅವನಿಗೆ ಒಗ್ಗಲಿಲ್ಲ. ದಾರ ಹೆಣೆದು ಜೋಲಿಯ ಹಾಗೆ ತೂಗುವ ಸೀಟು ಮಾಡಿಕೊಂಡ, ಆಮೇಲೆ ಆ ಸೀಟು ಕಟ್ಟಲು ತಕ್ಕ ಸೈಕಲ್ ಮಾಡಿದ. 1893ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ನಮ್ಮ ಕರಿ ಸೈಕಲ್ಲಿನಲ್ಲಿ ಇರುವಂಥ ದಪ್ಪ ನಳಿಗೆಗಳು ಇದರಲ್ಲಿ ಇಲ್ಲ. ಸಣ್ಣ ಸಣ್ಣ ನಳಿಗೆಗಳು ಜೋಡಿಜೋಡಿಯಾಗಿ ಹೋಗಿ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತವೆ, ಹಳೆಯ ರೈಲ್ವೆ ಸೇತುವೆಯ ಕಬ್ಬಿಣದ ಕಟ್ಟಿನ ಹಾಗೆ. ಮುಂದಿನ ಫೋರ್ಕು ಕೂಡ ಹಾಗೆಯೇ, ಒಂದೊಂದು ಬದಿಗೆ ಎರಡೆರಡು ನಳಿಗೆ. ಮೊದಲ ಮಹಾಯುದ್ಧದ ಹೊತ್ತಿಗೆ ಇದರ ತಯಾರಿಕೆ ನಿಂತುಹೋಯಿತು. 1978ರಲ್ಲಿ ಕೋಪನ್‌ಹೇಗನ್ನಿನಲ್ಲಿ ಯೆಸ್ಪರ್ ಸೋಲಿಂಗ್ ಎಂಬುವರು ಮತ್ತೆ ಕಟ್ಟಲು ಶುರು ಮಾಡಿದರು. ಅವರು ಆ ಕೆಲಸಕ್ಕೆ ಕೈ ಹಾಕದಿದ್ದರೆ ನನ್ನಂಥವರಿಗೆ ಇದರ ಹೆಸರೂ ತಿಳಿಯುತ್ತಿರಲಿಲ್ಲ.

ಬೆಳಗಾವಿಯವನಿಗೆ ಡರ್ಸ್ಲಿಯ ಸೈಕಲ್ ಯಾಕೆ ಎಂದು ತುಂಬ ಜನ ಕೇಳಿದ್ದಾರೆ. ಲಿಸ್ಟರ್ ಎಂಬ ಹೆಸರಿಗಾಗಿ. ಮಹಾಲಿಂಗಪುರದ ಹತ್ತಿರ ನಮ್ಮ ಸೋದರಮಾವನ ಗಾಣ ಇತ್ತು. ಕಬ್ಬು ಅರೆಯಲು ಹಸಿರು ಬಣ್ಣದ, ಎರಡು ದೊಡ್ಡ ಫ್ಲೈವೀಲಿನ ಡೀಸೆಲ್ ಇಂಜಿನ್. ನಿಮಿಷಕ್ಕೆ 650 ಸುತ್ತು, ಡುಗು ಡುಗು ಎಂದು ನಿಧಾನವಾಗಿ ಇಡೀ ದಿನ ಓಡುತ್ತಿತ್ತು. ಅದರ ಮೈಮೇಲೆ ಎರಕದ ಅಕ್ಷರದಲ್ಲಿ ಲಿಸ್ಟರ್, ಡರ್ಸ್ಲಿ ಎಂದಿತ್ತು. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ಇಂಜಿನ್ನಿನ ಮುಂದೆ ನಿಂತು. 1867ರಲ್ಲಿ ಶುರುವಾದ ಅದೇ ಕಂಪನಿ ಇಂಥದೊಂದು ಸೈಕಲ್ಲನ್ನೂ ಮಾಡಿತ್ತು ಎಂದು ತಿಳಿದ ದಿನದಿಂದ ಅದು ನನ್ನ ತಲೆಯಿಂದ ಹೋಗಲೇ ಇಲ್ಲ.

ಮೊದಲ ಶರಣು ಇಂಗ್ಲೆಂಡಿನ ಒಬ್ಬ ಹಿರಿಯರಿಗೆ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಅವರ ಬಳಿ ಅಸಲಿ ಪೆಡರ್ಸನ್ ಇದೆ. ಈ ಫ್ರೇಮಿನಲ್ಲಿ ಸೀಟನ್ನು ಮಾಮೂಲಿನಂತೆ ಮೇಲೆ ಕೆಳಗೆ ಸರಿಸಲು ಬರುವುದಿಲ್ಲ. ಆದ್ದರಿಂದ ಆಗ ಇದನ್ನು ಎಂಟು ಅಳತೆಗಳಲ್ಲಿ ಮಾಡುತ್ತಿದ್ದರು. ಬರೀ ಫೋಟೋ ನೋಡಿ ಮಾಡಿದರೆ ಯಾವ ಅಳತೆಯದೂ ಆಗದ ಒಂದು ಬೊಂಬೆ ಆದೀತು. ಅವರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಹಿಂದೆ ಕಾಗದ ಅಂಟಿಸಿ, ನಳಿಗೆಗಳ ನಡುಗೆರೆಯನ್ನು ಪೆನ್ಸಿಲಿನಲ್ಲಿ ಎಳೆದು ಸುತ್ತಿ ಕಳಿಸಿದರು. ಮುಖ ನೋಡದ ಮನುಷ್ಯನಿಗೆ ಇಷ್ಟು ಮಾಡುವವರು ಎಷ್ಟು ಜನ ಸಿಗುತ್ತಾರೆ?

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ನಮ್ಮ ಗ್ಯಾಸ್ ವೆಲ್ಡಿಂಗ್ ಮಿಸ್ತ್ರಿಯವರ ಬಗ್ಗೆ ಒಂದು ಪುಸ್ತಕವನ್ನೇ ಬರೆಯಬಹುದು. ಈ ನಳಿಗೆಯ ಗೋಡೆ ಒಂದು ಮಿಲಿಮೀಟರಿಗೂ ಕಡಿಮೆ. ಕರೆಂಟಿನ ಆರ್ಕ್ ವೆಲ್ಡಿಂಗ್ ಹಚ್ಚಿದರೆ ತೂತು ಬೀಳುತ್ತದೆ. ಹಿತ್ತಾಳೆಯಲ್ಲೇ ಬ್ರೇಜಿಂಗ್ ಮಾಡಬೇಕು, ಅಂದರೆ ಉಕ್ಕನ್ನು ಕರಗಿಸದೆ ಸಂದಿಗೆ ಹಿತ್ತಾಳೆ ಕರಗಿಸಿ ಹರಿಸಿ ಬೆಸೆಯಬೇಕು. ಅದಕ್ಕೂ ಮೊದಲು ಪ್ರತಿ ನಳಿಗೆಯ ತುದಿ ಇನ್ನೊಂದರ ದುಂಡು ಮೈಗೆ ಕಚ್ಚಿ ಕೂರುವಂತೆ ರೌಂಡ್ ಫೈಲಿನಲ್ಲಿ ಉಜ್ಜಬೇಕು. ಮಿಸ್ತ್ರಿಯವರು ಎರಡನ್ನೂ ಕೂಡಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಕೂದಲೆಳೆಯಷ್ಟು ಬೆಳಕು ಕಂಡರೂ ಮಾತಿಲ್ಲದೆ ಹಿಂದಕ್ಕೆ ಕೊಡುತ್ತಿದ್ದರು. ಸಂದು ದೊಡ್ಡದಾದರೆ ಹಿತ್ತಾಳೆ ತುಂಬಿಕೊಂಡಂತೆ ಕಾಣುತ್ತದೆ, ಬಲ ಇರುವುದಿಲ್ಲ.

ಅವರು ಬೆಂಕಿ ಹಿಡಿಯುವುದನ್ನು ನೋಡಬೇಕು. ಜೋಡಣೆಗೆ ಹಚ್ಚುವ ಫ್ಲಕ್ಸ್ ಎಂಬ ಬೆಸುಗೆಮದ್ದು ಮೊದಲು ಉಬ್ಬಿ ನೊರೆಯಾಗುತ್ತದೆ, ಆಮೇಲೆ ಕರಗಿ ಗಾಜಿನಂತೆ ತಿಳಿಯಾಗುತ್ತದೆ. ಉಕ್ಕು ಮಬ್ಬು ಕೆಂಪಿನಿಂದ ಹೊಳೆಯುವ ಕೆಂಪಿಗೆ ತಿರುಗುವ ತನಕ ಹಿತ್ತಾಳೆ ಕಡ್ಡಿ ಮುಟ್ಟಿಸುವಂತಿಲ್ಲ. ಮುಟ್ಟಿಸಿದ ಕ್ಷಣ ಹಿತ್ತಾಳೆ ಕರಗಿ, ಎಲ್ಲಿ ಕಾವು ಹೆಚ್ಚೋ ಅತ್ತ ಹರಿಯುತ್ತದೆ. ಈಚೆ ಬದಿಯಲ್ಲಿ ಕೊಟ್ಟದ್ದು ಆಚೆ ಬದಿಯಲ್ಲಿ ಸಣ್ಣ ಹಳದಿ ಗೆರೆಯಾಗಿ ಕಾಣಿಸಿಕೊಂಡರೆ ಜೋಡಣೆ ತುಂಬಿದಂತೆ. “ಉರಿ ಒಂದ ಕಡೆ ನಿಲ್ಲಿಸಬ್ಯಾಡೋ ತಮ್ಮಾ, ನಳಿಗಿ ತನ್ನ ದಾರಿ ತಾ ಹಿಡಿತೈತಿ” ಎನ್ನುತ್ತಿದ್ದರು. ಎಡಗಡೆ ಒಂದು ಜೋಡಣೆ, ತಣಿದ ಮೇಲೆ ಬಲಗಡೆ ಒಂದು, ಮತ್ತೆ ಎಡಗಡೆ. ಫ್ರೇಮು ಒಂದು ಬದಿಗೆ ಎಳೆಯದಂತೆ ಈ ಸರದಿಯನ್ನು ಅವರೇ ತಲೆಯಲ್ಲಿ ಇಟ್ಟುಕೊಂಡಿದ್ದರು. ಜಗತ್ತಿನ ಯಾವ ಸೈಕಲ್ ಕಾರ್ಖಾನೆಯಲ್ಲಿ ನಿಲ್ಲಿಸಿದರೂ ಇವರು ಉಸ್ತಾದರೇ. ನಮ್ಮಲ್ಲಿ ಇದನ್ನು ‘ಜಾಬ್ ವರ್ಕ್’ ಎಂದು ಬಿಲ್ಲಿನಲ್ಲಿ ಬರೆದು ಮುಗಿಸುತ್ತೇವೆ. ಅದು ನನಗೆ ಸರಿ ಕಾಣುವುದಿಲ್ಲ.

ಕೆಲಸ ಅರ್ಧಕ್ಕೆ ಬಂದಾಗ, ನಡು ಮಳೆಗಾಲದಲ್ಲಿ, ಬಾಡಿಗೆ ಶೆಡ್ ಖಾಲಿ ಮಾಡಬೇಕಾಯಿತು. ಆಗ ಮುಂದೆ ದಾರಿಯೇ ಇಲ್ಲ ಅನ್ನಿಸಿತ್ತು. ಫೌಂಡ್ರಿ ನಡೆಸುವ ಗೆಳೆಯ ಒಂದು ಮಾತೂ ಕೇಳದೆ ತನ್ನ ಇನ್‌ಸ್ಪೆಕ್ಷನ್ ಕೋಣೆಯ ಮೂಲೆ ಬಿಟ್ಟುಕೊಟ್ಟ. ಅಲ್ಲಿನ ಸರ್ಫೇಸ್ ಪ್ಲೇಟ್ ಎಂಬ ನಿಖರ ಸಮತಟ್ಟು ಹಲಗೆಯ ಮೇಲೆ ಫ್ರೇಮು ಇಟ್ಟು, ಎತ್ತರ ಅಳೆಯುವ ಹೈಟ್ ಗೇಜ್ ಆಡಿಸಿದ್ದರಿಂದಲೇ ಹಿಂದಿನ ಆಕ್ಸಲ್ಲೂ ಪೆಡಲ್ ಆಕ್ಸಲ್ಲೂ ಒಂದಕ್ಕೊಂದು ಸಮಾನಾಂತರ ಇವೆ ಎಂಬ ಭರವಸೆ ಬಂತು. ಬಾಡಿಗೆ ಎಂದು ಬಾಯಿ ತೆರೆದರೆ ಚಹಾ ತರಿಸುತ್ತಿದ್ದ. ದೇವರು ಅವನ ಕುಲುಮೆ ಸದಾ ಉರಿಸಲಿ.

ಸೀಟಿನ ವಿಷಯದಲ್ಲಿ ನಾನು ಪೂರ್ತಿ ಕೈಚೆಲ್ಲಿದ್ದೆ. ಪೇಟೆಯಲ್ಲಿ ಬಂಗಾರದ ಗುಂಡು ಪೋಣಿಸುವ, ರೇಷ್ಮೆ ದಾರದ ಕೆಲಸ ಮಾಡುವ ಪಟವೇಗಾರ ಕಾಕಾ ಚಿತ್ರ ನೋಡಿ, “ಇದೇನ ದೊಡ್ಡ ಮಾತು, ಕುಂದ್ರಾವ್ರ ತೂಕ ಎಷ್ಟ ಹೇಳ್ರಿ” ಎಂದರು. ಹೊಸೆದ ದಾರ, ಸಾಲು ಗಂಟು, ಹಿಂದೆ ಅಗಲ, ಮುಂದೆ ಬರುತ್ತಾ ಕಿರಿದು. ಕೂತರೆ ಬೆನ್ನಿಗೆ ರಸ್ತೆಯ ಗುಂಡಿ ತಿಳಿಯುವುದೇ ಇಲ್ಲ. ಕಾಕಾ, ಪೆಡರ್ಸನ್ ಇದ್ದಿದ್ದರೆ ನಿಮ್ಮ ಕೈ ಹಿಡಿದುಕೊಳ್ಳುತ್ತಿದ್ದ.

ಗಾಲಿಗಳು 28 ಇಂಚಿನವು, ನಮ್ಮ ಕರಿ ಸೈಕಲ್ಲಿನವೇ. ಕಡ್ಡಿ ಕಟ್ಟಿ ಬೆಂಡ್ ತೆಗೆದುಕೊಟ್ಟ ಶಹಾಪುರದ ಸೈಕಲ್ ಅಂಗಡಿ ಮಾಮಾನಿಗೆ ಶರಣು. ಕಿತ್ತೂರಿನ ತನಕ ತುಳಿದ ವಿಜಯಪುರದ ಹುಡುಗನಿಗೂ. ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳನ್ನು ಕೊಟ್ಟ ಊರಿನವನು, ಏರಿನಲ್ಲಿ ಎದ್ದು ನಿಂತು ತುಳಿದು ಫ್ರೇಮಿನ ಜೀವ ಹಿಂಡಿ ನೋಡಿದ. ಸಂಬಳ ತಡವಾದ ತಿಂಗಳಲ್ಲೂ ನಳಿಗೆ ತರಿಸಲು ಬೇಡ ಎನ್ನದ ಮನೆಯವಳಿಗೆ ಏನು ಬರೆದರೂ ಕಡಿಮೆ.

ಕೆಲವರು ಹೆಡ್ಡಿನ ಮೇಲೆ ಹಳೆಯ ಕಂಪನಿಯ ಬ್ಯಾಡ್ಜ್ ಮಾಡಿಸಿ ಹಚ್ಚು ಎಂದರು. ಹಚ್ಚುವುದಿಲ್ಲ. ನಕಲನ್ನು ಅಸಲಿ ಎಂದು ಮಾರುವವರಿಂದ ಹಳೆಯ ಸೈಕಲ್ ಪ್ರೀತಿಸುವವರಿಗೆ ಬಹಳ ಅನ್ಯಾಯ ಆಗುತ್ತದೆ. ಪೆಡಲ್ ಆಕ್ಸಲ್ ಕೂರುವ ಕಪ್ಪಿನ ಕೆಳಗೆ ‘ಬೆಳಗಾವಿ’ ಎಂದು ಕನ್ನಡದಲ್ಲೇ ಪಂಚ್ ಹೊಡೆಸಿದ್ದೇನೆ, ಜೊತೆಗೆ ಮಿಸ್ತ್ರಿಯವರ ಗುರುತು. ಬಣ್ಣ ಎಷ್ಟು ಸಲ ಹೊಡೆದರೂ ಅದು ಅಳಿಯದಷ್ಟು ಆಳವಾಗಿದೆ.

ಮುಂದೆ ಕಟ್ಟಬೇಕೆಂದಿರುವುದು ಜೋಡಿ ನಳಿಗೆಯ ಫೋರ್ಕಿನ ಹಳೆಯ ಇಂಗ್ಲಿಷ್ ಸೈಕಲ್ ಹಂಬರ್. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಯಾರದಾದರೂ ಮನೆಯ ಅಟ್ಟದಲ್ಲಿ ಅಜ್ಜನ ಹಂಬರ್ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಮಾತು ತಿಳಿಸಿ. ನಾನೇ ಬಂದು, ಅಲ್ಲೇ ಅಂಗಳದಲ್ಲಿ ಅಳತೆ ತೆಗೆದುಕೊಂಡು ಹೋಗುತ್ತೇನೆ.