ಆತ್ಮಕಥೆ ಓದು: ಯಾವುದರಿಂದ ಶುರು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಆತ್ಮಕಥೆ ಓದುವ ಅಭ್ಯಾಸ ಇಲ್ಲದವರು ದಲಿತ ಕವಿ ಸಿದ್ಧಲಿಂಗಯ್ಯನವರ 'ಊರುಕೇರಿ' ಮೊದಲ ಭಾಗದಿಂದ ಶುರು ಮಾಡಿ. ಒಟ್ಟು ಮೂರು ಭಾಗ ಇದೆ. ಅಂಗಡಿಯಲ್ಲಿ ಬರೀ 'ಊರುಕೇರಿ' ಅಂದರೆ ಯಾವ ಭಾಗವಾದರೂ ಕೈಗೆ ಬರಬಹುದು, ಮುಖಪುಟ ನೋಡಿ ತಗೊಳ್ಳಿ. ಆರಂಭದಲ್ಲೇ ಇಬ್ಬರು ಹೆಗಲ ಮೇಲೆ ನೊಗ ಹೊತ್ತು ಹೊಲ ಉಳುವ ಚಿತ್ರ ಬರುತ್ತದೆ. ಅವರಲ್ಲೊಬ್ಬರು ಲೇಖಕರ ಅಪ್ಪ. ಗೋಳಾಟ ಮಾತ್ರ ಎಲ್ಲೂ ಇಲ್ಲ, ನಗಿಸುತ್ತಲೇ ಚುಚ್ಚುತ್ತಾರೆ. ವಾಕ್ಯ ಚಿಕ್ಕವು, ಹಾಗಂತ ಓಡಿಸಿಕೊಂಡು ಓದಿದರೆ ಆ ಚುಚ್ಚು ತಪ್ಪಿಹೋಗುತ್ತದೆ.

ಡಿವಿಜಿಯವರ ನೆನಪಿನ ವ್ಯಕ್ತಿಚಿತ್ರಗಳ ಸರಣಿ 'ಜ್ಞಾಪಕ ಚಿತ್ರಶಾಲೆ' 8 ಸಂಪುಟ. ಒಂದರಿಂದ ಎಂಟರವರೆಗೆ ಸಾಲಾಗಿ ಓದಲು ಹೊರಟವರು ಸಾಮಾನ್ಯವಾಗಿ ನಡುವೆ ಕೈಬಿಡುತ್ತಾರೆ. ಅದರ ಅಗತ್ಯವೇ ಇಲ್ಲ, ಒಂದೊಂದು ವ್ಯಕ್ತಿಚಿತ್ರವೂ ಸ್ವತಂತ್ರ. ಕಲಾವಿದರು ಬೇಕೆಂದರೆ 2ನೇದು, ಮೈಸೂರಿನ ದಿವಾನರು ಬೇಕೆಂದರೆ 4ನೇದು. ವೈದಿಕ ವಿದ್ವಾಂಸರ 5ನೇದನ್ನು ಕೊನೆಗಿಟ್ಟುಕೊಳ್ಳಿ.

ರಂಗಭೂಮಿಯವರಿಗೆ ಬಿ.ವಿ. ಕಾರಂತರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಅವರು ಹೇಳಿದ್ದನ್ನು ಲೇಖಕಿ ವೈದೇಹಿ ಬರಹಕ್ಕಿಳಿಸಿದ್ದು, ಹಾಗಾಗಿ ಮಾತಿನ ಧಾಟಿ ಹಾಗೇ ಉಳಿದಿದೆ. 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಬೇರೆ ಆತ್ಮಕಥೆ, ಕಾದಂಬರಿಕಾರ ಶಿವರಾಮ ಕಾರಂತರದು. ಆರ್ಡರ್ ಹಾಕುವಾಗ ಕಾರಂತರು ಅದಲುಬದಲಾಗದಿರಲಿ!

ನಮ್ಮ ಗುಂಪಿನ ಮುಂದಿನ ಚರ್ಚೆಗೆ 'ಊರುಕೇರಿ' ಮೊದಲ ಭಾಗ ಸಾಕು. ಪಿಡಿಎಫ್ ಹಾಕಬೇಡಿ. ಪ್ರತಿ ಸಿಗದವರು ಇಲ್ಲೇ ತಿಳಿಸಿ, ಇರುವವರು ಕೊಡುತ್ತಾರೆ.