ಅಪ್ಪ, ಪುಟ್ಟನ ಮೊಣಕಾಲಿಗೆ ಏನೂ ಆಗಿಲ್ಲ

ತೀರ್ಥರೂಪು ಅಪ್ಪನವರಿಗೆ ಮತ್ತು ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಣ್ಣ, ಅತ್ತಿಗೆ, ಮಕ್ಕಳೆಲ್ಲರನ್ನೂ ಕೇಳಿದೆ ಅಂತ ಹೇಳಿ.

ನಿಮ್ಮ ಪತ್ರ ಮೊನ್ನೆ ಬಂತು. ಎರಡು ಸಲ ಓದಿದೆ. ಅಮ್ಮ ರಾತ್ರಿ ನಿದ್ದೆ ಮಾಡುತ್ತಿಲ್ಲ ಅಂತ ಬರೆದಿದ್ದೀರಿ, ಅದನ್ನು ಓದಿ ನನಗೂ ನಿದ್ದೆ ಬರಲಿಲ್ಲ. ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಣ್ಣ, ಇದನ್ನು ಅಮ್ಮನಿಗೆ ಪೂರ್ತಿ ಓದಿ ಹೇಳು, ಮಧ್ಯೆ ಮಧ್ಯೆ ಬಿಡಬೇಡ.

ಮೊದಲು ಮುಖ್ಯವಾದ ಮಾತು. ನಿಮ್ಮ ಮೊಮ್ಮಗ ಪುಟ್ಟನ ಮೂಳೆ ಮುರಿದಿಲ್ಲ. ಬಿರುಕೂ ಬಿಟ್ಟಿಲ್ಲ. ಆಪರೇಷನ್ ಮಾತೇ ಇಲ್ಲ. "ಮೂಳೆ ಬೆಳೆಯುವ ಜಾಗದಲ್ಲಿ ಊತ ಬಂದಿದೆ" ಅಂತ ನಾನು ಅಣ್ಣನಿಗೆ ಹೇಳಿದ್ದು. ಅದು ನಿಮಗೆ ತಲುಪುವಷ್ಟರಲ್ಲಿ "ಮೂಳೆ ಬಿಟ್ಟುಕೊಂಡಿದೆ" ಅಂತ ಆಗಿದೆ. ನೀವು ಹೆದರಿದ್ದರಲ್ಲಿ ತಪ್ಪಿಲ್ಲ. ಆದರೆ ಈಗ ಹೆದರಬೇಡಿ.

ಇದಕ್ಕೆ ಆಸ್‌ಗುಡ್ ಶ್ಲಾಟರ್ ಅಂತ ಹೆಸರು. 1903ರಲ್ಲೇ ಇಬ್ಬರು ಡಾಕ್ಟರು ಬೇರೆ ಬೇರೆ ಊರುಗಳಲ್ಲಿ ಇದನ್ನು ಗುರುತಿಸಿ ಬರೆದಿದ್ದರು, ಅವರಿಬ್ಬರ ಹೆಸರೇ ಇದಕ್ಕೆ ಉಳಿದಿದೆ. ಅಂದರೆ ಹೊಸ ಕಾಯಿಲೆಯೇನಲ್ಲ, ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವುದು. ಓಡುವ, ಜಿಗಿಯುವ ಆಟ ಆಡುವ ಈ ವಯಸ್ಸಿನ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಬರುತ್ತದೆ. ಪುಟ್ಟ ಒಂದೇ ವರ್ಷದಲ್ಲಿ 10 ಸೆಂಟಿಮೀಟರ್ ಬೆಳೆದ. ಈಗ 5 ಅಡಿ 11 ಇಂಚು, ಇನ್ನೂ ಹದಿನಾಲ್ಕು ತುಂಬಿಲ್ಲ! ಮೂಳೆ ಬೇಗ ಬೇಗ ಉದ್ದ ಆಗುತ್ತದೆ, ತೊಡೆಯ ಸ್ನಾಯು ಅಷ್ಟು ಬೇಗ ಸಡಿಲವಾಗುವುದಿಲ್ಲ. ಆ ಸ್ನಾಯು ಮೊಣಕಾಲಿನ ಚಿಪ್ಪಿನ ಮೇಲಿಂದ ಇಳಿದು, ಕೆಳಗೆ ಕಾಲಿನ ಮೂಳೆಗೆ ಅಂಟಿಕೊಂಡಿರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಆ ಜಾಗ ಇನ್ನೂ ಮೆತ್ತಗಿರುತ್ತದೆ. ಪ್ರತಿ ಜಿಗಿತಕ್ಕೂ ಸ್ನಾಯು ಅಲ್ಲೇ ಜಗ್ಗುತ್ತದೆ. ಅದಕ್ಕೇ ನೋವು, ಅದಕ್ಕೇ ಆ ಸಣ್ಣ ಗಂಟು. ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ನೋವು ತಾನೇ ಹೋಗುತ್ತದೆ. ಗಂಟು ಉಳಿದರೂ ಉಳಿಯಬಹುದು, ಅದರಿಂದ ತೊಂದರೆ ಇಲ್ಲ ಅಂದಿದ್ದಾರೆ. ವಿಡಿಯೋದಲ್ಲಿ ನೀವು ನೋಡಿದ್ದು ಬರೀ ಐಸ್ ಚೀಲ, ಬ್ಯಾಂಡೇಜ್ ಅಲ್ಲ.

ನಾನು ಹೆದರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಚಳಿಗಾಲದಲ್ಲಿ ಒಂದು ದಿನ ಮೆಟ್ಟಿಲು ಇಳಿಯುವಾಗ ಅವನು ಗೋಡೆ ಹಿಡಿದುಕೊಂಡ. ಎಷ್ಟು ದಿನದಿಂದ ಅಂದರೆ, ಎರಡು ತಿಂಗಳಿಂದ ಅಂದ. ಆಗ ಅವನು ಬೇರೆ ಬಾಸ್ಕೆಟ್‌ಬಾಲ್ ಟೀಮಿನಲ್ಲಿದ್ದ. ವಾರಕ್ಕೆ ಐದು ದಿನ ಓಡಿಸುವುದು, ಜಿಗಿಸುವುದು. ನೋವು ಅಂದರೆ "ಗಟ್ಟಿಯಾಗು" ಅನ್ನುವುದು. ಹುಡುಗ ಉದ್ದ ಇದ್ದಾನೆ, ರಿಂಗ್ ಕೆಳಗೆ ನಿಂತು ಜಿಗಿದು ರಿಬೌಂಡ್, ಅಂದರೆ ಒಳಗೆ ಬೀಳದೆ ಪುಟಿದು ಬಂದ ಚೆಂಡು, ಹಿಡಿದರೆ ಸಾಕು, ಅಷ್ಟೇ ಅವರ ಲೆಕ್ಕ. ಚೆಂಡು ಹಿಡಿದ ಮೇಲೆ ಏನು ಮಾಡಬೇಕು ಅಂತ ಒಬ್ಬರೂ ಕಲಿಸಲಿಲ್ಲ. ಈಗಲೂ ನೆನೆದರೆ ನನಗೆ ಸಿಟ್ಟು ಬರುತ್ತದೆ. ನಾವು ಮೊದಲೇ ಕೇಳಬೇಕಿತ್ತು. ಮಾರನೆಯ ವಾರವೇ ಆ ಟೀಮ್ ಬಿಡಿಸಿದೆವು.

"ಆಟವನ್ನೇ ಬಿಡಿಸು" ಅಂತ ಬರೆದಿದ್ದೀರಿ. ಅಪ್ಪ, ನಾನೂ ಅದನ್ನೇ ಡಾಕ್ಟರನ್ನು ಕೇಳಿದೆ. ಪೂರ್ತಿ ಬಿಡಿಸುವ ಅಗತ್ಯ ಇಲ್ಲ, ಕೆಲವು ವಾರ ಜಿಗಿಯುವುದು ಬೇಡ, ತೊಡೆಯ ಸ್ನಾಯು ಎಳೆಯುವ ವ್ಯಾಯಾಮ ದಿನಾ ಮಾಡಲಿ, ಆಡಿದ ಮೇಲೆ ಐಸ್ ಇಡಿ, ನೋವು ಜಾಸ್ತಿ ಆದರೆ ನಿಲ್ಲಿಸಿ ಅಂದರು. ಆ ವಾರಗಳಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು. ಆಮೇಲೂ ಬಿಡಿಸು ಅನ್ನಿಸಿದರೆ ಬರೆಯಿರಿ.

ಹೊಸ ಕೋಚ್ ಅರವತ್ತು ದಾಟಿದವರು. ಮಕ್ಕಳು ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. ಮೊದಲು ನನಗೆ ಇರಿಸುಮುರಿಸು ಆಯಿತು. ಆದರೆ ಅವರು ಬಾಯಿ ತೆರೆದರೆ ಹನ್ನೆರಡು ಹುಡುಗರೂ ಚೆಂಡು ಬಡಿಯುವುದನ್ನು ನಿಲ್ಲಿಸಿ ಕೇಳುತ್ತಾರೆ, ಮರ್ಯಾದೆ ಕಡಿಮೆ ಏನಿಲ್ಲ. ಇನ್ನೊಂದು ವಿಚಿತ್ರ ಕೇಳಿ. ಇಲ್ಲಿ ಮ್ಯಾಚ್ ನೋಡುವ ಅಪ್ಪ ಅಮ್ಮಂದಿರೂ ಒಂದು ಕಾಗದಕ್ಕೆ ಸಹಿ ಹಾಕಬೇಕು, ರೆಫ್ರಿಯನ್ನು ಬೈಯುವುದಿಲ್ಲ, ಬೇರೆಯವರ ಮಕ್ಕಳ ಮೇಲೆ ಕೂಗಾಡುವುದಿಲ್ಲ ಅಂತ. ನನಗೆ ಇದು ಬಹಳ ಹಿಡಿಸಿತು.

ಮೊದಲ ದಿನವೇ ನಾನು ಮೊಣಕಾಲಿನ ವಿಷಯ ಹೇಳಿದೆ. ಅವರು ಪುಟ್ಟನನ್ನು ಕೂರಿಸಿಕೊಂಡು, "ಒಳ್ಳೆಯದಾಯಿತು, ಈಗ ನಿನಗೆ ಕಾಲು ಇಡುವುದನ್ನು ಕಲಿಸಬಹುದು" ಅಂದರು. ಜಿಗಿಯುವುದನ್ನಲ್ಲ, ಕಾಲು ಇಡುವುದನ್ನು.

ರಿಂಗ್ ಹತ್ತಿರ, ಬಣ್ಣ ಬಳಿದ ಜಾಗದ ಅಂಚಿನಲ್ಲಿ ಒಂದು ಗುರುತು ಇರುತ್ತದೆ, ಬ್ಲಾಕ್ ಅಂತಾರೆ. ಎತ್ತರದ ಆಟಗಾರ ಅಲ್ಲಿ ರಿಂಗಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಕಾಲು ಅಗಲ, ಮೊಣಕಾಲು ಸ್ವಲ್ಪ ಬಾಗಿ, ಒಂದು ಕೈ ಚಾಚಿ ಚೆಂಡು ಕೇಳುತ್ತಾನೆ. ಅವನನ್ನು ತಡೆಯುವವನು ಹಿಂದೆ ಇರುತ್ತಾನೆ, ಕಣ್ಣಿಗೆ ಕಾಣಿಸುವುದಿಲ್ಲ. ಬೆನ್ನಿಗೆ ಬೀಳುವ ಭಾರದಲ್ಲೇ ತಿಳಿದುಕೊಳ್ಳಬೇಕು. ಅವನು ಅಂಗಳದ ನಡುವಿನ ಕಡೆಗೆ ವಾಲಿದ್ದರೆ, ರಿಂಗಿನ ಹಿಂದಿರುವ ಹೊರಗೆರೆಯ ಕಡೆಯ ಕಾಲನ್ನು ಹಿಂದಕ್ಕೆ ಇಟ್ಟು ಅವನನ್ನು ಬೆನ್ನಲ್ಲೇ ಕಟ್ಟಿಹಾಕಿ, ಚೆಂಡನ್ನು ಒಂದೇ ಒಂದು ಸಲ ನೆಲಕ್ಕೆ ಬಡಿದು (ಡ್ರಿಬಲ್), ಆಮೇಲೆ ರಿಂಗ್ ಹತ್ತಿರದಿಂದಲೇ ಹಾಕುವುದು (ಲೇಅಪ್). ಇದು ಡ್ರಾಪ್ ಸ್ಟೆಪ್. ಅವನು ಹೊರಗೆರೆಯ ಕಡೆ ಇದ್ದರೆ ನಡುವಿಗೆ ತಿರುಗಿ, ಭುಜವನ್ನು ರಿಂಗಿಗೆ ತೋರಿಸಿ, ದೂರದ ಕೈಯಿಂದ ತಲೆಯ ಮೇಲಿಂದ ಹಾಕುವುದು. ಇದು ಹುಕ್. ಇವನ ದೇಹವೇ ಮಧ್ಯೆ ಗೋಡೆಯಾಗಿ ಇರುವುದರಿಂದ ತಡೆಯುವವನ ಕೈ ಚೆಂಡಿನ ತನಕ ಬರುವುದಿಲ್ಲ. ಕರೀಂ ಅಬ್ದುಲ್ ಜಬ್ಬಾರ್ ಅನ್ನುವ ಅಮೆರಿಕದ ಆಟಗಾರರ ದೊಡ್ಡ ಅಸ್ತ್ರ ಈ ಹುಕ್. ಅವರು ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯಲ್ಲಿ 38,387 ಪಾಯಿಂಟ್ ಗಳಿಸಿದ್ದರು, ಅತಿ ಹೆಚ್ಚು ಪಾಯಿಂಟಿನ ಆ ದಾಖಲೆ 2023ರ ತನಕ ಹಾಗೇ ಇತ್ತು. ಈ ಲೆಕ್ಕ ನನ್ನದಲ್ಲ, ಪುಟ್ಟ ದಿನಾ ಒಪ್ಪಿಸುತ್ತಾನೆ.

ಆರು ವಾರ ಇದೇ ಕೆಲಸ. ನೆಲ ಬಿಟ್ಟು ಏಳುವ ಹಾಗಿಲ್ಲ. ಚೆಂಡು ಹಿಡಿ, ಒಂದು ಕಾಲು ಊರು, ಇನ್ನೊಂದನ್ನು ತಿರುಗಿಸು. ಊರಿದ ಕಾಲನ್ನು ಎತ್ತಿ ಇಟ್ಟರೆ ಟ್ರಾವೆಲಿಂಗ್, ಚೆಂಡು ಎದುರಾಳಿಗೆ. ಎರಡೂ ಕಾಲಲ್ಲಿ ಒಟ್ಟಿಗೆ ನೆಲ ಮುಟ್ಟಿ ಹಿಡಿದರೆ ಮಾತ್ರ ಯಾವ ಕಾಲನ್ನು ಬೇಕಾದರೂ ಊರಬಹುದು, ಆಗ ಎರಡೂ ಕಡೆ ದಾರಿ ತೆರೆದಿರುತ್ತದೆ. ಆಮೇಲೆ ಮೈಕನ್ ಡ್ರಿಲ್. ರಿಂಗ್ ಕೆಳಗೆ ನಿಂತು ಬಲಗಡೆ ಬಲಗೈಯಲ್ಲಿ ಒಂದು, ಎಡಗಡೆ ಎಡಗೈಯಲ್ಲಿ ಒಂದು, ಚೆಂಡನ್ನು ಭುಜದಿಂದ ಕೆಳಗೆ ಇಳಿಸದೆ ಹಾಕುತ್ತಲೇ ಇರುವುದು. ಎಲ್ಲರೂ ಇದನ್ನು ಸಣ್ಣಗೆ ಜಿಗಿಯುತ್ತಾ ಮಾಡುತ್ತಾರೆ. ಇವನು ಬರೀ ಹಿಮ್ಮಡಿ ಎತ್ತಿ ಮಾಡಿದ.

ಆ ಡ್ರಿಲ್‌ಗೆ ಹೆಸರು ಕೊಟ್ಟ ಹಳೆಯ ಕಾಲದ ಆಟಗಾರ ಜಾರ್ಜ್ ಮೈಕನ್ ಕಥೆ ನಿಮಗೆ ಇಷ್ಟ ಆಗುತ್ತದೆ. ನಮ್ಮ ಪುಟ್ಟನ ಹಾಗೇ ದಪ್ಪ ಕನ್ನಡಕ, ತುಂಬಾ ಎತ್ತರ, 6 ಅಡಿ 10 ಇಂಚು. ಕಾಲೇಜಿಗೆ ಬಂದಾಗ ಕೈಕಾಲು ಹತೋಟಿಯಲ್ಲಿ ಇರಲಿಲ್ಲವಂತೆ. ಅವರ ಕೋಚ್ ಹಗ್ಗ ಜಿಗಿಸಿ, ಡ್ಯಾನ್ಸ್ ಕಲಿಸಿ ಕಾಲು ಪಳಗಿಸಿದರು. ಆಮೇಲೆ ರಿಂಗ್ ಹತ್ತಿರ ಅವರನ್ನು ತಡೆಯುವವರೇ ಇಲ್ಲದೆ, 1951ರಲ್ಲಿ ಬಣ್ಣದ ಜಾಗದ ಅಗಲವನ್ನೇ 6 ಅಡಿಯಿಂದ 12 ಅಡಿಗೆ ಹೆಚ್ಚಿಸಿದರು. ಒಬ್ಬ ಮನುಷ್ಯನಿಗಾಗಿ ಅಂಗಳದ ಗೆರೆಯನ್ನೇ ಸರಿಸಿದರು, ನೋಡಿ! ಆ ಜಾಗದೊಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವಂತಿಲ್ಲ, ಅಗಲ ಆದಷ್ಟೂ ರಿಂಗಿನಿಂದ ದೂರ ನಿಲ್ಲಬೇಕು. ಕೋಚ್ ಈ ಕಥೆ ಹೇಳಿದ ದಿನದಿಂದ ಪುಟ್ಟ ಕನ್ನಡಕದ ಬಗ್ಗೆ ಕೊರಗುವುದನ್ನು ಬಿಟ್ಟಿದ್ದಾನೆ.

ಸಂಜೆ ಮನೆ ಮುಂದೆ ನಾವಿಬ್ಬರೂ ಅಭ್ಯಾಸ ಮಾಡುತ್ತೇವೆ. ಇವರು ಕೆಲಸದಿಂದ ಬರುವುದು ತಡ, ಹಾಗಾಗಿ ಹಿಂದೆ ನಿಲ್ಲುವವಳು ನಾನೇ. ಸೋಫಾ ದಿಂಬನ್ನು ಅವನ ಬೆನ್ನಿಗೆ ಒತ್ತಿ ಹಿಡಿಯುತ್ತೇನೆ, ಪುಟ್ಟಿ ಚೆಂಡು ಎಸೆಯುತ್ತಾಳೆ. ಮೊದಮೊದಲು ಅವನು ತಿರುಗಿ ನನ್ನನ್ನು ನೋಡುತ್ತಿದ್ದ. ಈಗ ನೋಡುವುದಿಲ್ಲ. "ಅಮ್ಮ, ಎಡಕ್ಕೆ ಭಾರ ಹಾಕಿದ್ದೀಯ" ಅನ್ನುತ್ತಾನೆ, ಬಲಕ್ಕೆ ಜಾರಿ ಹೋಗಿರುತ್ತಾನೆ. ದಿಂಬಿನ ಆಚೆಯಿಂದ ನನ್ನ ಕಾಲು ಎಲ್ಲಿದೆ ಅಂತ ಅವನಿಗೆ ಹೇಗೆ ಗೊತ್ತಾಗುತ್ತದೋ! ನನ್ನ ಮಗ ಇಷ್ಟು ಗಮನ ಇಟ್ಟು ಏನನ್ನಾದರೂ ಮಾಡಿದ್ದನ್ನು ನಾನು ಮೊದಲು ನೋಡಿರಲಿಲ್ಲ ಅಪ್ಪ.

ಕಳೆದ ಶನಿವಾರ, ಡಾಕ್ಟರು ಸರಿ ಅಂದ ಮೇಲೆಯೇ, ಮ್ಯಾಚ್ ಆಡಿದ. ಅರ್ಧ ಸಮಯ ಮಾತ್ರ. ಎದುರಿಗಿದ್ದವನು ಇವನಿಗಿಂತ ಎತ್ತರ. ಮೊದಲ ಎರಡು ಹುಕ್ ತಪ್ಪಿತು, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮೂರನೆಯ ಸಲ ಚೆಂಡನ್ನು ಮೇಲಕ್ಕೆ ಎತ್ತಿ ತೋರಿಸಿದ. ಆ ಹುಡುಗ ತಡೆಯಲು ಹಾರಿದ. ಇವನು ಹಾರಲೇ ಇಲ್ಲ. ಅವನ ಕೈ ಕೆಳಗೆ ಒಂದು ಹೆಜ್ಜೆ ನುಗ್ಗಿ, ಚೆಂಡನ್ನು ಮೆಲ್ಲಗೆ ಬೋರ್ಡಿಗೆ ತಾಗಿಸಿ ಒಳಗೆ ಹಾಕಿದ. ಆಮೇಲೆ ಎದುರಾಳಿಗಳು ಕೈ ಹಿಡಿದು ಎಳೆಯಲು ಶುರು ಮಾಡಿದರು, ಅದಕ್ಕೆ ಫ್ರೀ ಥ್ರೋ ಸಿಕ್ಕಿತು. ಹದಿನೈದು ಅಡಿಯಿಂದ, ಯಾರೂ ಅಡ್ಡ ಇಲ್ಲದೆ, ನಿಂತಲ್ಲಿಂದಲೇ ಹಾಕುವುದು. ಮೊಣಕಾಲಿಗೆ ಕಷ್ಟವೇ ಇಲ್ಲ. ನಾಲ್ಕು ಬಾಸ್ಕೆಟ್, ಮೂರು ಫ್ರೀ ಥ್ರೋ, ಒಟ್ಟು 11 ಪಾಯಿಂಟ್. ಹಳೆಯ ಟೀಮಿನಲ್ಲಿ ಪೂರ್ತಿ ಆಡಿದರೂ ನಾಲ್ಕು ದಾಟಿರಲಿಲ್ಲ. ಎಡಗೈ ಹುಕ್ ಇನ್ನೂ ಬರುತ್ತಿಲ್ಲ, ಅದು ಬೇರೆ ಮಾತು. ಬರುತ್ತದೆ.

ಮ್ಯಾಚ್ ಆದ ಮೇಲೆ ನಾನು ಕೇಳಿದ್ದು ಒಂದೇ, ನೋವಿದೆಯಾ ಅಂತ. ಸ್ವಲ್ಪ ಬಿಗಿ ಅನ್ನಿಸುತ್ತಿದೆ ಅಂದ. ಹದಿನೈದು ನಿಮಿಷ ಐಸ್ ಇಟ್ಟೆವು. ಮಾರನೆಯ ಬೆಳಿಗ್ಗೆ ಗೋಡೆ ಹಿಡಿಯದೆ ಮೆಟ್ಟಿಲು ಇಳಿದ. ನಾನು ಕೆಳಗೆ ನಿಂತು ಒಂದೊಂದೇ ಮೆಟ್ಟಿಲು ನೋಡಿದೆ.

ಓದಿನ ವಿಷಯ ಕೇಳಿದ್ದೀರಿ. ಚೆನ್ನಾಗಿ ಓದುತ್ತಿದ್ದಾನೆ, ಮಾರ್ಕ್ಸ್ ಬಿದ್ದರೆ ಆಟ ಇಲ್ಲ ಅಂತ ಕೋಚೇ ಹೇಳಿದ್ದಾರೆ. ಟಿಮ್ ಡಂಕನ್ ಅಂತ ಒಬ್ಬ ಆಟಗಾರರಿದ್ದರು, ಬೋರ್ಡಿಗೆ ತಾಗಿಸಿ ಹಾಕುವುದಕ್ಕೆ ಹೆಸರಾದವರು. ಡಿಗ್ರಿ ಮುಗಿಸುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದರಂತೆ. ಅಮ್ಮ ತೀರಿಕೊಂಡರೂ ಆ ಮಾತಿಗಾಗಿ ನಾಲ್ಕು ವರ್ಷ ಓದಿ, 1997ರಲ್ಲಿ ಡಿಗ್ರಿ ಪಡೆದ ಮೇಲೆಯೇ ಎನ್‌ಬಿಎಗೆ ಹೋದರು. ಪುಟ್ಟನ ಮೇಜಿನ ಮೇಲೆ ಅವರ ಚಿತ್ರ ಅಂಟಿಸಿದ್ದೇನೆ. ಅವನು ದೊಡ್ಡ ಆಟಗಾರ ಆಗಲಿ ಅಂತ ಅಲ್ಲ. ಆ ಮಾತು ಕಣ್ಣ ಮುಂದೆ ಇರಲಿ ಅಂತ.

ಅಮ್ಮ, ನೀನು ಇನ್ನು ನಿದ್ದೆ ಮಾಡು. ಅಪ್ಪ, ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ, ನನಗಿರುವ ಚಿಂತೆ ಅದೊಂದೇ. ಪುಟ್ಟನ ಮೊಣಕಾಲಿಗೆ ಏನೂ ಆಗಿಲ್ಲ, ನಿಜವಾಗಲೂ ಏನೂ ಆಗಿಲ್ಲ. ಮುಂದಿನ ತಿಂಗಳು ಮತ್ತೆ ತೋರಿಸಬೇಕು, ಅದು ಸುಮ್ನೆ ನೋಡುವುದಕ್ಕೆ ಅಷ್ಟೇ. ತೋರಿಸಿದ ದಿನವೇ ಬರೆಯುತ್ತೇನೆ. ಅಣ್ಣನಿಗೆ ಬರೀ ಫೋನಿನಲ್ಲಿ ಹೇಳಿ ಬಿಡುವುದಿಲ್ಲ.

ಗಂಟೆ ಆರಾಯಿತು, ಪ್ರಾಕ್ಟೀಸ್ ಮುಗಿಯುವ ಹೊತ್ತು. ಹೋಗಿ ಕರೆದುಕೊಂಡು ಬರಬೇಕು. ಐಸ್ ಚೀಲ ಬೇರೆ ಮನೆಯಲ್ಲೇ ಉಳಿದಿದೆ. ಉಳಿದದ್ದು ಮುಂದಿನ ಪತ್ರದಲ್ಲಿ.

ನಿಮ್ಮ ಮಗಳು,
ಸುಮಾ